ಯಾವ ಕ್ಯಾಮೆರಾ ತಗೊಳ್ಳಲಿ? ಮೊದಲು ಥರ್ಮಾಮೀಟರ್ ತಗೊಳ್ಳಿ

ನಮ್ಮ ಮನೆ ಗೋಡೆ ಮೇಲೆ ಒಂದು ಕಪ್ಪು-ಬಿಳುಪು ಫೋಟೋ ಇದೆ. ಸೇರು ಹಿಡಿದು ಕಡಲೆಕಾಯಿ ಅಳೆಯುತ್ತಿರುವ ಅಜ್ಜಿ. ರೀಲ್ ಹಾಕಿ ತೆಗೆದದ್ದು, ಪ್ರಿಂಟೂ ನಾನೇ ಹಾಕಿದ್ದು ಅಂತ ಗೊತ್ತಾದ ಕೂಡಲೇ ಎಲ್ಲರೂ ಕೇಳುವುದು ಒಂದೇ: "ನಾನೂ ಕಲೀಬೇಕು, ಯಾವ ಕ್ಯಾಮೆರಾ ತಗೊಳ್ಳಲಿ?"

ಕ್ಯಾಮೆರಾ ಆಮೇಲೆ ನೋಡೋಣ. ಶಟರ್ ಸರಿಯಾಗಿದ್ದರೆ ದೊಡ್ಡಪ್ಪನ ಬೀರುವಿನಲ್ಲಿರುವ ಹಳೇ ಯಾಶಿಕಾನೇ ಸಾಕು. ಮೊದಲು ಒಂದು ಥರ್ಮಾಮೀಟರ್ ತಗೊಳ್ಳಿ. ನಮ್ಮವರು ರೀಲ್ 'ತೊಳೆಸೋದು' ಅಂತಿದ್ದರಲ್ಲ, ಆ ಮಾತು ಸುಮ್ನೆ ಬಂದಿಲ್ಲ. ಇದರಲ್ಲಿ ಮುಕ್ಕಾಲು ಪಾಲು ನೀರಿನ ಕೆಲಸ.

ಫಿಲ್ಮ್ ಮೇಲೆ ಚಿತ್ರ ಮೂಡಿಸುವ ದ್ರಾವಣವೇ ಡೆವಲಪರ್. ಅದು ಹಿಡಿಯುವ ಸಮಯವನ್ನು ಸಾಮಾನ್ಯವಾಗಿ 20 ಡಿಗ್ರಿಗೆ ಲೆಕ್ಕ ಹಾಕಿರುತ್ತಾರೆ. ಇಲ್ಫೋರ್ಡ್ ಎಚ್‌ಪಿ5 ಪ್ಲಸ್ ಫಿಲ್ಮನ್ನು ಐಡಿ-11 ಅನ್ನುವ ಡೆವಲಪರ್‌ಗೆ ಸಮಪಾಲು ನೀರು ಬೆರೆಸಿ ತೊಳೆದರೆ 13 ನಿಮಿಷ. ಬೆಂಗಳೂರು ತಂಪು ಊರು ಅಂತ ನಾವು ಹೇಳಿಕೊಳ್ಳುತ್ತೇವೆ ಅಷ್ಟೇ. ಏಪ್ರಿಲ್ ಮಧ್ಯಾಹ್ನ ಮಾಳಿಗೆ ಮೇಲಿನ ಸಿಂಟೆಕ್ಸ್ ಟ್ಯಾಂಕಿಗೆ ಕೈ ಹಾಕಿ ನೋಡಿ! ನೀರು ಬಿಸಿಯಾದಷ್ಟೂ ಡೆವಲಪರ್‌ಗೆ ಆತುರ ಜಾಸ್ತಿ. ನೆಗೆಟಿವ್ ಅತಿಯಾಗಿ ದಟ್ಟವಾಗುತ್ತದೆ, ಪ್ರಿಂಟಿನಲ್ಲಿ ಬಿಳಿ ಅಂಗಿ, ಆಕಾಶ ಎಲ್ಲ ಸುಣ್ಣ ಬಳಿದ ಹಾಗೆ. ನಾನು ಬಕೆಟ್‌ಗೆ ಫ್ರಿಜ್ಜಿನ ಐಸ್ ಸುರಿದು ಬಾಟಲಿಗಳನ್ನು ಅದರಲ್ಲಿ ನಿಲ್ಲಿಸುತ್ತೇನೆ. 24ಕ್ಕೆ ಇಳಿದರೂ ಪರವಾಗಿಲ್ಲ, 13 ನಿಮಿಷದ ಬದಲು ಸುಮಾರು 9 ಸಾಕು. ಮನೆಯಲ್ಲಿರುವುದು ಒಂದೇ ಬಾತ್‌ರೂಮ್ ಆದ್ದರಿಂದ ಬೇಗ ಮುಗಿದಷ್ಟೂ ಎಲ್ಲರಿಗೂ ಸಂತೋಷ.

ಬೋರ್‌ವೆಲ್ ನೀರಾದರೆ ಇನ್ನೊಂದು ಕಾಟ. ಬಕೆಟ್‌ಗೆ ಬಿಳಿ ಪೊರೆ ಕಟ್ಟುತ್ತಲ್ಲ, ಅದೇ ಫಿಲ್ಮ್ ಮೇಲೆ ಚುಕ್ಕೆಯಾಗಿ ಒಣಗುತ್ತದೆ. ಕೊನೆಯ ಸಲ ಅದ್ದುವುದಕ್ಕೆ ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್ ಬಳಸಿ.

ಮತ್ತೆ, ಬಾಟಲಿಗಳಿಗೆ ಚೀಟಿ ಅಂಟಿಸಿ. ನನ್ನ ಮೊದಲ ರೀಲ್ ಬಸವನಗುಡಿ ಕಡಲೆಕಾಯಿ ಪರಿಷೆಯದು, 36 ಫೋಟೋ. ಡೆವಲಪರ್, ಅದಾದ ಮೇಲೆ ಹಾಕಬೇಕಾದ ಹೈಪೋ, ಎರಡಕ್ಕೂ ಒಂದೇ ಥರದ ಬಾಟಲಿ. ಡೆವಲಪರ್ ಬದಲು ಹೈಪೋ ಮೊದಲು ಹೋಯಿತು. ಫಿಲ್ಮ್ ಮೇಲೆ ಬೆಳಕು ಹಿಡಿಯುವ ಬೆಳ್ಳಿಯ ಉಪ್ಪು ಇರುತ್ತದೆ, ಅದರಲ್ಲಿ ಡೆವಲಪ್ ಆಗದೆ ಉಳಿದದ್ದನ್ನು ಕರಗಿಸುವುದೇ ಹೈಪೋ ಕೆಲಸ. ಆಗಿನ್ನೂ ಏನೂ ಡೆವಲಪ್ ಆಗಿರಲಿಲ್ಲ, ಎಲ್ಲವನ್ನೂ ಕರಗಿಸಿತು. ಎರಡು ದಿನ ಕ್ಯಾಮೆರಾಗೆ ಬೈದೆ. ಪರಿಚಯದ ಹಳೇ ಸ್ಟುಡಿಯೋದವರೊಬ್ಬರು ಫಿಲ್ಮನ್ನು ಟ್ಯೂಬ್‌ಲೈಟ್‌ಗೆ ಹಿಡಿದು, "ಅಂಚಿನ ನಂಬರೇ ಇಲ್ವಲ್ಲ ಸಾರ್!" ಅಂದರು. ಆ ನಂಬರ್‌ಗಳನ್ನು ಕಂಪನಿಯಲ್ಲೇ ಬೆಳಕಿನಿಂದ ಒತ್ತಿರುತ್ತಾರೆ. ಕ್ಯಾಮೆರಾ ಕೆಟ್ಟಿದ್ದರೂ ಅವು ಮೂಡಲೇಬೇಕು. ಅವೂ ಇಲ್ಲ ಅಂದ್ರೆ ತಪ್ಪು ತೊಳೆದವನದು.

ಪ್ರಿಂಟ್ ಹಾಕುವಾಗ ಕೆಂಪು ದೀಪ ನಡೆಯುತ್ತದೆ, ಫಿಲ್ಮನ್ನು ತೊಳೆಯುವ ಡಬ್ಬಿಯ ಸುರುಳಿಗೆ ಸುತ್ತುವಾಗ ಮಾತ್ರ ಪೂರ್ತಿ ಕತ್ತಲೆ ಬೇಕು. ನಾನು ದೇವರ ಕೋಣೆಯ ಕೆಂಪು ಜೀರೋ ಬಲ್ಬ್ ಹಾಕಿದ್ದೆ. ಹಾಗೇ ನಂಬಬೇಡಿ. ಪ್ರಿಂಟ್ ಹಾಕುವ ಪೇಪರ್ ಚೂರಿನ ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟು, ಆ ದೀಪದಡಿ ಐದು ನಿಮಿಷ ಬಿಡಿ. ದೀಪ ಆರಿಸಿ ಡೆವಲಪ್ ಮಾಡಿ. ನಾಣ್ಯದ ಗುರುತು ಬಿಳಿಯಾಗಿ ಮೂಡಿದರೆ ಬಲ್ಬ್ ಬದಲಿಸಿ. ನನ್ನದು ಮೂಡಿತು, ಅಂಚೆಲ್ಲ ಸಮೇತ.

ನೆಗೆಟಿವ್ ಮೂಲಕ ಬೆಳಕು ಬಿದ್ದ ಪೇಪರನ್ನು ಡೆವಲಪರ್ ಟ್ರೇಗೆ ಹಾಕಿದರೆ ಹತ್ತು ಸೆಕೆಂಡು ಏನೂ ಇರುವುದಿಲ್ಲ. ಆಮೇಲೆ ಕಪ್ಪು ಮೊದಲು ಬರುತ್ತದೆ: ಸೇರಿನ ಒಳಗಿನ ನೆರಳು, ಸೀರೆಯ ಅಂಚು. ಮುಖ ನಿಧಾನ. ಕೆಂಪು ಬೆಳಕಲ್ಲಿ ಇರುವುದಕ್ಕಿಂತ ಜಾಸ್ತಿ ಕಪ್ಪಾಗಿ ಕಾಣುವುದರಿಂದ ಎಲ್ಲರೂ ಗಾಬರಿಯಿಂದ ಬೇಗ ಎತ್ತಿಬಿಡುತ್ತಾರೆ. ಎತ್ತಬೇಡಿ. ಪ್ಲಾಸ್ಟಿಕ್ ಲೇಪದ ಆರ್‌ಸಿ ಪೇಪರ್ ಆದರೆ ಒಂದು ನಿಮಿಷ ಪೂರ್ತಿ ಬಿಡಿ.

ಯಾವಾಗ ಶುರು ಮಾಡಬೇಕು ಅಂದ್ರೆ, ಕಾರ್ತಿಕ ಮಾಸದಲ್ಲಿ. ಬೆಳಗಿನ ಜಾವದ ನಲ್ಲಿ ನೀರು 20ರ ಆಸುಪಾಸು ಇರುತ್ತದೆ, ಐಸ್ ಬೇಡ. ಕೊನೆಯ ಸೋಮವಾರ ಪರಿಷೆ ಬೇರೆ. ನಾನೂ ಮರುವರ್ಷ ಅಲ್ಲಿಗೇ ಹೋದೆ, ಎರಡೂ ಬಾಟಲಿ ಮೇಲೆ ದೊಡ್ಡದಾಗಿ ಹೆಸರು ಬರೆದಿಟ್ಟು. ಗೋಡೆ ಮೇಲಿನ ಅಜ್ಜಿ ಆವತ್ತಿನವರು. ಎರಡು ಸೇರು ಕಡಲೆಕಾಯಿ ಕೊಳ್ಳುವವರೆಗೂ ಫೋಟೋ ತೆಗೆಯಲು ಬಿಡಲಿಲ್ಲ.