ದೊಡ್ಡ ಪುಲ್ಲಿ ಹಾಕಿದರೆ ಮಾಲು ಜಾಸ್ತಿ ಬರುತ್ತಾ?

ಕಲಬುರಗಿಯ ಬೇಳೆ ಮಿಲ್‌ಗಳಲ್ಲಿ ನನ್ನದು ಫಿಟ್ಟರ್ ಕೆಲಸ. ಹೊಸ ತೊಗರಿ ಗಂಜ್‌ಗೆ (ಮಾರುಕಟ್ಟೆಗೆ) ಬರತೊಡಗಿದರೆ ಸಾಹುಕಾರರದ್ದು ಒಂದೇ ಮಾತು: "ಉಸ್ತಾದ್, ಮೋಟರಿಗಿ ದೊಡ್ಡ ಪುಲ್ಲಿ ಹಾಕ್ರಿ, ಮಾಲು ಜಾಸ್ತಿ ಬರ್ತದ."

ಪುಲ್ಲಿ ಅಂದರೆ ಬೆಲ್ಟ್ ಓಡುವ ಚಕ್ರ; ಮೋಟರಿಗೊಂದು, ಮಶೀನಿಗೊಂದು. ಮಶೀನ್ ಸ್ಪೀಡಿನ ಲೆಕ್ಕ ಸುಲಭ. ಮೋಟರ್ ಸ್ಪೀಡನ್ನು ಮೋಟರ್ ಪುಲ್ಲಿಯ ಅಳತೆಯಿಂದ (ವ್ಯಾಸದಿಂದ) ಗುಣಿಸಿ, ಮಶೀನ್ ಪುಲ್ಲಿಯ ಅಳತೆಯಿಂದ ಭಾಗಿಸಬೇಕು. 1440 ಸುತ್ತಿನ ಮೋಟರ್‌ಗೆ 5 ಇಂಚು, ತೊಗರಿಯ ಸಿಪ್ಪೆ ತೆಗೆಯುವ ರೋಲರ್‌ಗೆ 12 ಇಂಚು ಪುಲ್ಲಿ ಇದ್ದರೆ ರೋಲರ್ ನಿಮಿಷಕ್ಕೆ 600 ಸುತ್ತು ತಿರುಗುತ್ತದೆ. ಮೋಟರ್, ಮಶೀನ್ ನಡುವೆ ಕೌಂಟರ್ ಶಾಫ್ಟ್ (ಎರಡು ಪುಲ್ಲಿ ಇರುವ ಇನ್ನೊಂದು ಶಾಫ್ಟ್) ಇದ್ದರೆ ಇದೇ ಲೆಕ್ಕ ಎರಡು ಸಲ, ಅಷ್ಟೇ.

ಎಡವುವುದು ಅಳತೆಯಲ್ಲಿ. ನಾಲ್ಕು ಪೋಲ್ ಮೋಟರ್ ಅಂದರೆ ಹುಡುಗರು ಸುಮ್ನೆ 1500 ಹಿಡಿಯುತ್ತಾರೆ. ಲೋಡ್ ಬಿದ್ದಾಗ ಅದು ಅಷ್ಟು ತಿರುಗುವುದಿಲ್ಲ. ಮೋಟರಿನ ಪ್ಲೇಟ್ ಮೇಲೆ ಬರೆದ ಸ್ಪೀಡನ್ನೇ ಹಿಡಿಯಬೇಕು. ಇನ್ನು ಟೇಪನ್ನು ಪುಲ್ಲಿಯ ಅಂಚಿಗೆ ಹಿಡಿಯುತ್ತಾರೆ. ವಿ ಬೆಲ್ಟ್ ಎಳೆಯುವ ಗೆರೆ ಅಂಚಿಗಿಂತ ಒಳಗಿರುತ್ತದೆ. ಬಿ ಸೈಜ್ (ವಿ ಬೆಲ್ಟಿನ ಒಂದು ಅಳತೆ) ಪುಲ್ಲಿಯಲ್ಲಿ ಎರಡೂ ಕಡೆ ಸೇರಿ ಸುಮಾರು 7 ಮಿಲಿಮೀಟರ್ ಕಳೆಯಬೇಕು. ಕಳೆಯದಿದ್ದರೆ ಮೇಲಿನ 600 ಕಾಗದದ ಮೇಲೆ 619 ಆಗುತ್ತದೆ. ಸಣ್ಣ ಪುಲ್ಲಿಯಲ್ಲೇ ಈ ಏಟು ಜಾಸ್ತಿ.

ಸಾಹುಕಾರರ ಮಾತಿನಂತೆ 5 ತೆಗೆದು 6 ಇಂಚು ಹಾಕಿದರೆ 720. ರೋಲರ್‌ನಲ್ಲಿ ಬೇಳೆ ಒಡೆದು ನುಚ್ಚು ಹೆಚ್ಚುತ್ತದೆ. ಆ ನುಚ್ಚು ತೋರಿಸಿದರೆ ಅವರೇ ಹಳೇ ಪುಲ್ಲಿ ಕೇಳುತ್ತಾರೆ.

ಗಾಳಿ ಬೀಸುವ ಬ್ಲೋವರ್ ಹಾಗಲ್ಲ, ಅಲ್ಲಿ ಹೊಡೆತ ತಕ್ಷಣ ಕಾಣುವುದಿಲ್ಲ. ಸ್ಪೀಡ್ ನೂರಕ್ಕೆ 20 ಏರಿದರೆ ಗಾಳಿಯೂ ಅಷ್ಟೇ ಏರುತ್ತದೆ. ಲೋಡ್ ಮಾತ್ರ 1.2 ಅನ್ನು ಮೂರು ಸಲ ಗುಣಿಸಿದಷ್ಟು, ಅಂದರೆ 1.73 ಪಟ್ಟು. 8 ಎಚ್‌ಪಿ ಎಳೆಯುತ್ತಿದ್ದದ್ದು ಸುಮಾರು 14 ಎಚ್‌ಪಿ ಕೇಳುತ್ತದೆ. ಇರುವುದು 10 ಎಚ್‌ಪಿ ಮೋಟರ್. ಟ್ರಿಪ್ ಆದಾಗ ಯಾರೋ ಬಂದು ಸ್ಟಾರ್ಟರ್ ಸರಿಯಿಲ್ಲ ಅಂತ, ಭಾರ ಮೀರಿದರೆ ಮೋಟರ್ ನಿಲ್ಲಿಸುವ ಓವರ್‌ಲೋಡ್ ಸೆಟ್ಟಿಂಗ್ ಏರಿಸುತ್ತಾರೆ. ಮೋಟರ್ ಸುಡುವುದು ಆಗಲೇ. ಪುಲ್ಲಿ ಬದಲಿಸಿದ್ದು ಅಷ್ಟರಲ್ಲಿ ಎಲ್ಲರಿಗೂ ಮರೆತಿರುತ್ತದೆ!

ಗಾಳಿ ಸಾಲುತ್ತಿಲ್ಲ ಅಂದರೆ ನಾನು ಮೊದಲು ಸುತ್ತು ಅಳೆಯುವ ಟ್ಯಾಕೋಮೀಟರ್ ಹಿಡಿಯುತ್ತೇನೆ. ಲೆಕ್ಕಕ್ಕಿಂತ ನೂರಕ್ಕೆ ಒಂದೆರಡು ಕಮ್ಮಿ ಇದ್ದರೆ ಪರವಾಗಿಲ್ಲ, ಬೆಲ್ಟ್ ಅಷ್ಟು ಜಾರಿಯೇ ಜಾರುತ್ತದೆ. ತೀರಾ ಕಮ್ಮಿ ಇದ್ದರೆ ಬೆಲ್ಟ್ ಟೈಟ್ ನೋಡಿ, ಆಮೇಲೆ ಪುಲ್ಲಿಯ ಗ್ರೂವ್ (ಬೆಲ್ಟ್ ಕೂರುವ ಗಾಡಿ) ನೋಡುತ್ತೇನೆ. ತಳ ಮಿರಮಿರ ಹೊಳೆಯುತ್ತಿದ್ದರೆ ಬೆಲ್ಟೋ ಗ್ರೂವೋ ಸವೆದು ಬೆಲ್ಟ್ ಅಲ್ಲಿ ಕೂತಿದೆ ಅಂತ ಅರ್ಥ. ಗ್ರೂವ್ ಸವೆದಿದ್ದರೆ ಅದೇ ಅಳತೆಯ ಹೊಸ ಪುಲ್ಲಿ ಹಾಕಿ, ಬೆಲ್ಟ್ ಸೆಟ್ ಪೂರ್ತಿ ಬದಲಿಸುತ್ತೇನೆ. ಹಳೆಯವುಗಳ ಜೊತೆ ಒಂದೇ ಹೊಸದು ಹಾಕಿದರೆ ಭಾರವೆಲ್ಲ ಅದರ ಮೇಲೆ ಬಿದ್ದು ಅದೇ ಮೊದಲು ಹರಿಯುತ್ತದೆ.