ಎಷ್ಟನೇ ಕಲ್ಲಿನ ತನಕ ಇರ್ತೀಯ ಅಮ್ಮ?

"ಹೋಗಿ ಬನ್ನಿ, ಆದರೆ ಅಲ್ಲಿ ನೋಡೋಕೆ ಏನೂ ಇಲ್ಲ" ಅಂದಿದ್ದರು ಪಕ್ಕದ ಮನೆ ಅಜ್ಜಿ. ನಿಜವೇ. ಜರ್ಮನಿಯ ಬವೇರಿಯಾದಲ್ಲಿ ವೆಮ್ಡಿಂಗ್ ಎಂಬ ಪುಟ್ಟ ಊರಿನಾಚೆಯ ದಿಣ್ಣೆ. ಅಲ್ಲೊಂದು ಅಗಲವಾದ ಕಾಂಕ್ರೀಟ್ ಕಟ್ಟೆ. ಅದರ ಮೇಲೆ ಆಳೆತ್ತರದ ನಾಲ್ಕು ಕಾಂಕ್ರೀಟ್ ಬ್ಲಾಕು. ನಮ್ಮೂರಿನವರು ಯಾರಾದರೂ ನೋಡಿದ್ದರೆ, ಕಂಟ್ರಾಕ್ಟರು ಬಿಲ್ ಮಾಡಿಸಿಕೊಂಡು ಪರಾರಿ ಅಂತಲೇ ಅಂದುಕೊಳ್ಳುತ್ತಿದ್ದರು.

ಇದರ ಹೆಸರು ಕಾಲದ ಪಿರಮಿಡ್. ಹತ್ತು ವರ್ಷಕ್ಕೆ ಒಂದೇ ಒಂದು ಬ್ಲಾಕು ಇಡುತ್ತಾರೆ. ಒಟ್ಟು 120 ಬ್ಲಾಕು. 793ರಲ್ಲಿ ಈ ಊರಿನ ಹೆಸರು ಮೊದಲ ಸಲ ದಾಖಲೆಯಲ್ಲಿ ಬಂತಂತೆ. ನಮ್ಮ ಕಡೆ ರಾಷ್ಟ್ರಕೂಟರ ಮೂರನೇ ಗೋವಿಂದ ಪಟ್ಟಕ್ಕೆ ಬಂದದ್ದೂ ಆ ಹೊತ್ತಿಗೇ. ಊರಿಗೆ 1200 ವರ್ಷ ತುಂಬಿದಾಗ, 1993ರಲ್ಲಿ, ಮ್ಯಾನ್‌ಫ್ರೆಡ್ ಲಾಬರ್ ಎಂಬ ಇಲ್ಲಿಯದೇ ಕಲಾವಿದರು ಇದನ್ನು ಶುರು ಮಾಡಿದರು. 1200 ವರ್ಷ ಅಂದರೆ ಎಷ್ಟು ಅಂತ ಕಣ್ಣಿಗೆ ಕಾಣಬೇಕು, ಅಷ್ಟೇ ಉದ್ದೇಶ. ನಾಲ್ಕನೆಯದನ್ನು 2023ರಲ್ಲಿ ಇಟ್ಟರು. ಕೆಳಗಿನ ಸಾಲು 64 ಬ್ಲಾಕಿನದು, ಅದು ಮುಗಿಯುವುದೇ 2623ಕ್ಕೆ. ಕೊನೆಯದು 3183ಕ್ಕೆ. ಲಾಬರ್ 2018ರಲ್ಲಿ ತೀರಿಕೊಂಡರು. ಅವರು ಕಂಡದ್ದು ಮೂರೇ.

ಒಂದು ಕಲ್ಲು ಹಾಕಿ ಹತ್ತು ವರ್ಷ ಆ ಕಡೆ ತಲೆ ಹಾಕದೇ ಇರುವುದು ನಮ್ಮಲ್ಲೂ ಇದೆ. ಅದಕ್ಕೆ ನಾವು ಶಂಕುಸ್ಥಾಪನೆ ಅಂತೀವಿ.

ಎಂಟು ವರ್ಷದ ಮಗಳು ಕಟ್ಟೆಯ ಅಂಚಲ್ಲಿ ಕೂತು ಬೆರಳು ಮಡಚಿ ಎಣಿಸುತ್ತಿದ್ದಳು. "ಐದನೇ ಕಲ್ಲಿಗೆ ನಾನು ದೊಡ್ಡವಳಾಗಿರ್ತೀನಿ. ಆರಕ್ಕೆ ನಂಗೆ ಕೆಲಸ ಇರುತ್ತೆ." ಆಮೇಲೆ ನನ್ನ ಕಡೆ ತಿರುಗಿದಳು. "ನೀನು ಎಷ್ಟನೇ ಕಲ್ಲಿನ ತನಕ ಇರ್ತೀಯ ಅಮ್ಮ?"

ಬಸ್ಸು ಎಷ್ಟು ಗಂಟೆಗೆ ಅಂತ ಕೇಳುವ ಹಾಗೆ ಕೇಳಿದಳು. "ಎಂಟು, ಅಬ್ಬಬ್ಬಾ ಅಂದರೆ ಒಂಬತ್ತು" ಅಂದೆ. ಅವಳು ಖಾಲಿ ಕಟ್ಟೆಯ ಮೇಲೆ ಒಂಬತ್ತನೆಯದು ಎಲ್ಲಿ ಬರಬಹುದು ಅಂತ ಹುಡುಕಿ, ಅಲ್ಲಿ ಹೋಗಿ ನಿಂತಳು. "ಇಲ್ಲಿ. ಅಜ್ಜಿ?"

ಅದಕ್ಕೆ ನಾನು ಉತ್ತರ ಕೊಡಲಿಲ್ಲ.

ನಮ್ಮದು ಚನ್ನರಾಯಪಟ್ಟಣದ ಹತ್ತಿರ ಒಂದು ಹಳ್ಳಿ. ಅಲ್ಲಿ ವಯಸ್ಸು ಲೆಕ್ಕ ಹಾಕುವುದು ಬೆಳಗೊಳದ ಮಸ್ತಕಾಭಿಷೇಕದ ಮೇಲೆ. "ಆ ಅಭಿಷೇಕದ ವರ್ಷ ಹುಟ್ಟಿದವನು", "ಈ ಅಭಿಷೇಕಕ್ಕೆ ಮೊದಲೇ ಮದುವೆಯಾದದ್ದು", ಹೀಗೆ. ಹನ್ನೆರಡು ವರ್ಷಕ್ಕೊಮ್ಮೆ ಅಂತ ಮಾತು, ಒಂದೆರಡು ವರ್ಷ ಆಚೀಚೆ ಆಗುವುದೂ ಉಂಟು. ಅಮ್ಮ 1967ರದನ್ನು ಲಂಗ ಹಾಕಿಕೊಳ್ಳುವ ವಯಸ್ಸಲ್ಲಿ ನೋಡಿದವಳು. ಆಮೇಲೆ 1981, 1993, 2006, 2018. ಒಂದನ್ನೂ ಬಿಟ್ಟಿಲ್ಲ.

1993ರದ್ದು ನನ್ನ ಮೊದಲನೆಯದು. ವೆಮ್ಡಿಂಗ್‌ನಲ್ಲಿ ಮೊದಲ ಬ್ಲಾಕು ಕೂತ ಅದೇ ವರ್ಷದ ಡಿಸೆಂಬರಿನಲ್ಲಿ ನಾನು ಅಪ್ಪನ ಹೆಗಲ ಮೇಲೆ ಕೂತು ಗೊಮ್ಮಟನನ್ನು ನೋಡುತ್ತಿದ್ದೆ. ಹಿಂದೆ ದೊಡ್ಡ ಅಟ್ಟಣಿಗೆ. ಮೇಲಿಂದ ಹಾಲು ಸುರಿದರು, ಆಮೇಲೆ ಅರಿಶಿನ. ಮುಖ ಮೊದಲು ಹಳದಿಯಾಯಿತು, ನಿಧಾನಕ್ಕೆ ಎದೆ, ಆಮೇಲೆ ತೊಡೆ. 58 ಅಡಿ ಇಳಿಯಬೇಕಲ್ಲ, ಅರಿಶಿನಕ್ಕೂ ಹೊತ್ತು ಬೇಕು. ಪಾದಕ್ಕೆ ಬರುವಷ್ಟರಲ್ಲಿ ನಂಗೆ ನಿದ್ದೆ ಬಂದಿತ್ತು ಅಂತ ಅಮ್ಮ ಈಗಲೂ ಆಡಿಕೊಳ್ಳುತ್ತಾಳೆ.

2018ಕ್ಕೆ ನಾನು ಹೋಗಲಿಲ್ಲ. ಮಗು ಹೊಟ್ಟೆಯಲ್ಲಿತ್ತು ಅನ್ನುವುದು ಎಲ್ಲರಿಗೂ ಹೇಳಿದ ಕಾರಣ. ನಿಜ ಹೇಳಬೇಕೆಂದರೆ ಟಿಕೆಟ್ ದುಬಾರಿ ಅನ್ನಿಸಿತ್ತು. ಅಮ್ಮ ಗುಂಪಿನ ನಡುವೆ ನಿಂತು ವಿಡಿಯೋ ಕಾಲ್ ಮಾಡಿದಳು. ಪರದೆ ಪೂರ್ತಿ ಯಾರದೋ ಬೆನ್ನು, ಮೂಲೆಯಲ್ಲಿ ಚೂರು ಹಳದಿ. "ಮುಂದಿನ ಸಲ ಬಂದೇ ಬರ್ತೀನಿ ಬಿಡಮ್ಮ" ಅಂದೆ, ಮುಂದಿನ ಭಾನುವಾರ ಬರ್ತೀನಿ ಅನ್ನುವ ಥರ. ಗದ್ದಲದಲ್ಲೂ ಅವಳ ಮಾತು ಸ್ಪಷ್ಟವಾಗಿ ಕೇಳಿಸಿತ್ತು. "ಮುಂದಿನ ಸಲ ಅಂದರೆ ಹನ್ನೆರಡು ವರ್ಷ ಕಣೇ."

ಆಗ ನಗು ಬಂದಿತ್ತು.

ಭಾನುವಾರ ಮನೆಗೆ ಬಂದವಳೇ ಮಗಳು ಒಂದು ಹಾಳೆಯಲ್ಲಿ ಚೌಕ ಬರೆಯಲು ಕೂತಳು. 120 ಹಿಡಿಸಲಿಲ್ಲ, ಮೂವತ್ತಕ್ಕೇ ಹಾಳೆ ಮುಗಿಯಿತು. ನಾಲ್ಕಕ್ಕೆ ಬೂದು ಬಣ್ಣ ತುಂಬಿದಳು. ಸಂಜೆ ಅಜ್ಜಿಗೆ ಫೋನ್ ಮಾಡಿ ಅರ್ಧ ಕನ್ನಡ, ಅರ್ಧ ಜರ್ಮನ್‌ನಲ್ಲಿ ಎಲ್ಲ ವಿವರಿಸಿದಳು. ಕೊನೆಗೆ ನಾನು ತಡೆಯುವಷ್ಟರಲ್ಲಿ ಅದೇ ಪ್ರಶ್ನೆ ಕೇಳಿಯೂಬಿಟ್ಟಳು.

ಅಮ್ಮ ಒಂಚೂರೂ ಬೇಜಾರು ಮಾಡಿಕೊಳ್ಳಲಿಲ್ಲ. "ನಿಮ್ಮ ಕಲ್ಲಿನ ಲೆಕ್ಕ ನಂಗೊತ್ತಿಲ್ಲ ಪುಟ್ಟಿ. ಐದು ಅಭಿಷೇಕ ಆಯ್ತು. 2030ಕ್ಕೆ ಇನ್ನೊಂದು ನೋಡಿಬಿಟ್ಟರೆ ಸಾಕು. ನಿಮ್ಮಮ್ಮ ಬರ್ತೀನಿ ಅಂದಿದ್ದಾಳೆ, ಕೇಳು."

ಮಗಳು ಕೇಳಲಿಲ್ಲ. ಹಾಳೆ ತಿರುಗಿಸಿಕೊಂಡು, ನಾಲ್ಕನೇ ಚೌಕಕ್ಕೂ ಐದನೇ ಚೌಕಕ್ಕೂ ನಡುವಿನ ಸಣ್ಣ ಸಂದಿಯಲ್ಲಿ ಹಳದಿ ಪೆನ್ಸಿಲಿನಿಂದ ಒಂದು ಗೀಟು ಎಳೆದಳು. ಆಮೇಲೆ ಪೆನ್ಸಿಲ್ ನನ್ನ ಕೈಗೆ ಕೊಟ್ಟು, "ಅಜ್ಜಿ ಅಂತ ಕನ್ನಡದಲ್ಲಿ ಬರಿ" ಅಂದಳು.