ಮೂರು ವರ್ಷಕ್ಕೆ ಎಲ್ಲರೂ ಹೊರಟುಹೋಗುವ ಸಂಘಕ್ಕೆ ಬೈಲಾ

ಗೃಹ ನಿರ್ಮಾಣ ಸಹಕಾರ ಸಂಘವನ್ನೋ ಊರಿನ ಯುವಕ ಸಂಘವನ್ನೋ ನೋಡಿ. ಇಪ್ಪತ್ತು ವರ್ಷದಿಂದ ಇರುವ ಹಳಬರೊಬ್ಬರು ಅಲ್ಲಿ ಇದ್ದೇ ಇರುತ್ತಾರೆ. ಬೈಲಾ ಯಾರೂ ಓದಿರದಿದ್ದರೂ "ಹೋದ ಸಲ ಹೀಗೆ ಮಾಡಿದ್ವಿ" ಎಂದು ಅವರು ಹೇಳಿದರೆ ಕೆಲಸ ನಡೆಯುತ್ತದೆ. ವಿದ್ಯಾರ್ಥಿ ಸಂಘಕ್ಕೆ ಆ ಭಾಗ್ಯವಿಲ್ಲ. ಪದವಿ ಕಾಲೇಜಿನಲ್ಲಿ ಮೂರು ವರ್ಷಕ್ಕೆ, ಎಂ.ಎ., ಎಂ.ಎಸ್ಸಿ. ವಿಭಾಗಗಳಲ್ಲಿ ಎರಡೇ ವರ್ಷಕ್ಕೆ ಸದಸ್ಯರೆಲ್ಲರೂ ಬದಲಾಗುತ್ತಾರೆ. ಹಾಗಾಗಿ ಶುಲ್ಕ, ಹಾಸ್ಟೆಲ್, ಪರೀಕ್ಷೆ, ವಿದ್ಯಾರ್ಥಿವೇತನದ ಹಕ್ಕೊತ್ತಾಯಕ್ಕೆಂದು ಕಟ್ಟುವ ಸಂಘದ ನಿಯಮಗಳನ್ನು, ಇವತ್ತು ಗೊತ್ತಿರುವುದು ಬರುವ ವರ್ಷ ಯಾರಿಗೂ ಗೊತ್ತಿರುವುದಿಲ್ಲ ಎಂದುಕೊಂಡೇ ಬರೆಯಬೇಕು.

ಕರ್ನಾಟಕದಲ್ಲಿ ಇದು ಇನ್ನೂ ಕಷ್ಟ. 1980ರ ದಶಕದ ಕೊನೆಯಲ್ಲಿ ಕಾಲೇಜು ಚುನಾವಣೆಗಳು ನಿಂತವು. ಈಗ ಬಹಳ ಕಡೆ ಇರುವುದು ಅಂಕದ ಮೇಲೆ ಆರಿಸಿದ ತರಗತಿ ಪ್ರತಿನಿಧಿಗಳು, ಮೇಲೆ ಅಧ್ಯಾಪಕರೊಬ್ಬರು. ಮತಪತ್ರ ಮಡಿಸಿ ಪೆಟ್ಟಿಗೆಗೆ ಹಾಕಿದ ಅನುಭವ ಇರುವವರು ಕ್ಯಾಂಪಸ್ಸಿನಲ್ಲಿ ಸಿಗುವುದೇ ಅಪರೂಪ. ಸಂಶೋಧನಾ ವಿದ್ಯಾರ್ಥಿಗಳ ಒಕ್ಕೂಟ, ಹಾಸ್ಟೆಲ್ ಸಮಿತಿ, ಕಾನೂನು ಕಾಲೇಜಿನ ಸಂಘ ಇಂಥವು ತಾವಾಗಿಯೇ ಚುನಾವಣೆ ನಡೆಸಲು ಹೊರಟಾಗ ಎಡವುವುದು ಸಾಮಾನ್ಯವಾಗಿ ಒಂದೇ ನಾಲ್ಕೈದು ಜಾಗಗಳಲ್ಲಿ.

ಮೊದಲನೆಯದು ಮತದಾರರ ಪಟ್ಟಿ. ಅಧ್ಯಕ್ಷರು ಯಾರಾಗಬೇಕೆಂಬ ಜಗಳಕ್ಕಿಂತ "ಸದಸ್ಯ ಯಾರು" ಎಂಬ ಜಗಳ ದೊಡ್ಡದು, ಆದರೆ ಅದು ಎದ್ದು ಕಾಣುವುದು ಫಲಿತಾಂಶ ಬಂದ ಮೇಲೆ. ಪ್ರಬಂಧ ಸಲ್ಲಿಸಿ ಮೌಖಿಕ ಪರೀಕ್ಷೆಗೆ ಕಾಯುತ್ತಿರುವವರಿಗೆ ಮತವುಂಟೇ? ಒಂದು ವರ್ಷ ಓದು ಬಿಟ್ಟು ಮರಳಿದವರಿಗೆ? ಅರೆಕಾಲಿಕ ಸಂಶೋಧಕರಿಗೆ? ಪಟ್ಟಿ ಪ್ರಕಟವಾದ ಮೇಲೆ ಪ್ರವೇಶ ಪಡೆದ ಕೊನೆಯ ಸುತ್ತಿನ ಮಕ್ಕಳಿಗೆ? ಬೈಲಾದಲ್ಲಿ ಇವಕ್ಕೆಲ್ಲ ಒಂದೊಂದು ವಾಕ್ಯದ ಉತ್ತರ ಇರಬೇಕು. ಜೊತೆಗೆ ಒಂದು ಕಟ್ಟಕಡೆಯ ದಿನಾಂಕ: ಆ ದಿನ ಸಂಜೆ ಐದಕ್ಕೆ ಯಾರ ಹೆಸರು ದಾಖಲಾತಿ ಪಟ್ಟಿಯಲ್ಲಿದೆಯೋ ಅವರೇ ಮತದಾರರು. ಸದಸ್ಯತ್ವ ಶುಲ್ಕ ಇದ್ದರೆ ಬಾಕಿ ಕಟ್ಟಲೂ ಅದೇ ದಿನ ಕೊನೆ. ಚುನಾವಣೆಯ ಹಿಂದಿನ ರಾತ್ರಿ ಅಭ್ಯರ್ಥಿಯೊಬ್ಬರು ನಲವತ್ತು ಜನರ ಬಾಕಿಯನ್ನು ತಾವೇ ಕಟ್ಟಿಬಿಡುವ ಚಮತ್ಕಾರಕ್ಕೆ ಇದೊಂದೇ ಬೇಲಿ.

ಎರಡನೆಯದು ಕಾಲ. ವಿದ್ಯಾರ್ಥಿ ಚುನಾವಣೆಗಳಿಗಾಗಿ ನಿವೃತ್ತ ಮುಖ್ಯ ಚುನಾವಣಾ ಆಯುಕ್ತ ಜೆ.ಎಂ. ಲಿಂಗ್ಡೊ ಅವರ ಸಮಿತಿ ಮಾಡಿದ ಶಿಫಾರಸುಗಳನ್ನು ಜಾರಿಗೊಳಿಸುವಂತೆ ಸುಪ್ರೀಂ ಕೋರ್ಟು 2006ರ ಸೆಪ್ಟೆಂಬರಿನಲ್ಲಿ ಆದೇಶಿಸಿತು. ಶೈಕ್ಷಣಿಕ ವರ್ಷ ಶುರುವಾಗಿ 6ರಿಂದ 8 ವಾರದೊಳಗೆ ಚುನಾವಣೆ ಆಗಬೇಕು, ನಾಮಪತ್ರದಿಂದ ಫಲಿತಾಂಶದವರೆಗೆ 10 ದಿನ ಮೀರಬಾರದು ಎನ್ನುತ್ತವೆ ಅವು. ಪದವಿ ವಿದ್ಯಾರ್ಥಿಗಳಿಗೆ ವಯಸ್ಸು 17ರಿಂದ 22, ಸಂಶೋಧಕರಿಗೆ ಗರಿಷ್ಠ 28. ಅಭ್ಯರ್ಥಿಗೆ ಕನಿಷ್ಠ 75 ಶೇಕಡಾ ಹಾಜರಿ ಬೇಕು, ಆ ವರ್ಷ ಬಾಕಿ ವಿಷಯ ಇರಬಾರದು. ಖರ್ಚಿನ ಮಿತಿ 5,000 ರೂಪಾಯಿ, ಫಲಿತಾಂಶವಾಗಿ ಎರಡು ವಾರದಲ್ಲಿ ಲೆಕ್ಕ ಒಪ್ಪಿಸಬೇಕು. ಮುದ್ರಿತ ಪೋಸ್ಟರ್ ಕೂಡದು, ಕೈಬರಹದ್ದಾದರೆ ಆಗಬಹುದು. ಪದಾಧಿಕಾರಿ ಸ್ಥಾನಕ್ಕೆ ಒಬ್ಬರು ಒಂದೇ ಸಲ ಸ್ಪರ್ಧಿಸಬಹುದು, ಕಾರ್ಯಕಾರಿ ಸಮಿತಿಗೆ ಎರಡು ಸಲ. ಈ ಕೊನೆಯ ನಿಯಮದ ಬಗ್ಗೆ ನಮ್ಮ ತಕರಾರಿದೆ. ಮೊದಲೇ ನೆನಪು ಗಿಡ್ಡ ಇರುವ ಸಂಘದಲ್ಲಿ ಅನುಭವಿ ಕಾರ್ಯದರ್ಶಿಯನ್ನು ಒಂದೇ ವರ್ಷಕ್ಕೆ ಮನೆಗೆ ಕಳಿಸಿದರೆ, ವಿಶ್ವವಿದ್ಯಾಲಯದ ಕುಲಸಚಿವರ ಮುಂದೆ ಪ್ರತಿ ವರ್ಷವೂ ಹೊಸಬರೇ ಕೂರುತ್ತಾರೆ. ಕುಲಸಚಿವರ ಕಚೇರಿಯ ಗುಮಾಸ್ತರಿಗೆ ಮಾತ್ರ ಹತ್ತು ವರ್ಷದ ಕಡತ ಬಾಯಿಪಾಠ.

ಹತ್ತು ದಿನದ ಲೆಕ್ಕ ಬಿಗಿಯಾದದ್ದು. ಹಾಗಾಗಿ ಕರಡು ಮತದಾರರ ಪಟ್ಟಿ, ಅದಕ್ಕೆ ಆಕ್ಷೇಪಣೆ, ಅಂತಿಮ ಪಟ್ಟಿ ಇವಿಷ್ಟೂ ನಾಮಪತ್ರದ ದಿನ ಶುರುವಾಗುವ ಮೊದಲೇ ಮುಗಿದಿರಬೇಕು. ಆಮೇಲೆ ನಾಮಪತ್ರಕ್ಕೆ ಎರಡು ದಿನ, ಪರಿಶೀಲನೆಗೆ ಒಂದು, ಹಿಂತೆಗೆತಕ್ಕೆ ಒಂದು, ಪ್ರಚಾರಕ್ಕೆ ನಾಲ್ಕು, ಬಹಿರಂಗ ಸಭೆ ಮುಗಿದ ಮೇಲೆ ಬಿಡುವಿನ ಒಂದು ದಿನ, ಮತದಾನ ಮತ್ತು ಎಣಿಕೆಗೆ ಒಂದು. ಪರಿಶೀಲನೆಯ ದಿನ ಹೆಚ್ಚು ನಾಮಪತ್ರಗಳು ಬೀಳುವುದು ಸೂಚಕರು, ಅನುಮೋದಕರ ಸಹಿಯಲ್ಲಿ. ಒಬ್ಬರೇ ಒಂದೇ ಸ್ಥಾನಕ್ಕೆ ಇಬ್ಬರನ್ನು ಸೂಚಿಸಿರುತ್ತಾರೆ, ಇಲ್ಲವೇ ಸೂಚಕರ ಹೆಸರೇ ಪಟ್ಟಿಯಲ್ಲಿರುವುದಿಲ್ಲ. ಇಂಥದ್ದನ್ನು ಅಲ್ಲೇ ತಿದ್ದಲು ಬಿಡಬೇಕೋ ತಿರಸ್ಕರಿಸಬೇಕೋ ಎಂಬುದನ್ನು ಮೊದಲೇ ಬರೆದಿಡಿ. ಎದುರಿಗೆ ಹೆಸರು ಬಂದ ಮೇಲೆ ಮಾಡುವ ತೀರ್ಮಾನ ಎಷ್ಟೇ ನ್ಯಾಯವಾಗಿದ್ದರೂ ಪಕ್ಷಪಾತದಂತೆಯೇ ಕಾಣುತ್ತದೆ.

ಚುನಾವಣಾಧಿಕಾರಿ ಯಾರು? ದಿಲ್ಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ (ಜೆಎನ್‌ಯು) ಸ್ಪರ್ಧಿಸದ ವಿದ್ಯಾರ್ಥಿಗಳೇ ಸೇರಿ ಚುನಾವಣಾ ಸಮಿತಿ ಮಾಡಿಕೊಂಡು ಎಲ್ಲವನ್ನೂ ನಡೆಸುತ್ತಾರೆ. ಅಧ್ಯಕ್ಷ ಅಭ್ಯರ್ಥಿಗಳ ಬಹಿರಂಗ ಚರ್ಚೆಯೂ ಅವರದೇ ಉಸ್ತುವಾರಿ. ಚಿಕ್ಕ ಕ್ಯಾಂಪಸ್ಸಿನ ನೇರ ಚುನಾವಣೆಗೆ ಲಿಂಗ್ಡೊ ಸಮಿತಿ ಮಾದರಿಯಾಗಿ ಹೆಸರಿಸಿದ್ದು ಜೆಎನ್‌ಯುವನ್ನೂ ಹೈದರಾಬಾದ್ ವಿಶ್ವವಿದ್ಯಾಲಯವನ್ನೂ. ವಿಪರ್ಯಾಸವೆಂದರೆ ಅದೇ ಸಮಿತಿಯ ನಿಯಮ ಪಾಲಿಸಲಿಲ್ಲವೆಂದು 2008ರಲ್ಲಿ ಜೆಎನ್‌ಯು ಚುನಾವಣೆಗೆ ತಡೆ ಬಿತ್ತು. ಮತ್ತೆ ಚುನಾವಣೆ ನಡೆದದ್ದು 2012ರಲ್ಲಿ. ಚಿಕ್ಕ ಸಂಘಕ್ಕೆ ಒಗ್ಗುವುದು ಅಂತಿಮ ವರ್ಷದ ಮೂವರು, ಯಾವ ಸ್ಥಾನಕ್ಕೂ ನಿಲ್ಲದವರು, ಯಾರಿಗೂ ಸೂಚಕರಲ್ಲದವರು. ಅಧಿಕಾರದಲ್ಲಿರುವ ಕಾರ್ಯದರ್ಶಿಯೇ ಚುನಾವಣಾಧಿಕಾರಿ ಆಗುವ ಪದ್ಧತಿ ಎಷ್ಟೋ ಸಂಘಗಳಲ್ಲಿದೆ. ಇಂಥ ಸಂಘಗಳಲ್ಲಿ ಮೂರನೆಯ ವರ್ಷ ಎರಡು ಸಂಘಗಳಿರುತ್ತವೆ.

ಮತಪತ್ರದ ವಿಷಯ ಚಿಲ್ಲರೆ ಅನ್ನಿಸಬಹುದು, ಆದರೆ ನಮ್ಮಲ್ಲಿ ಅದಕ್ಕೊಂದು ವಿಶೇಷ ತೊಡಕಿದೆ: ಇನಿಷಿಯಲ್. ಅಕಾರಾದಿ ಕ್ರಮ ಎಂದಷ್ಟೇ ಬರೆದರೆ "ಕೆ.ಎಂ. ಅನಿತಾ" ಅವರನ್ನು ಅಕಾರದಲ್ಲಿಡಬೇಕೋ ಕಕಾರದಲ್ಲೋ? ಮೊದಲ ಹೆಸರಿಗೆ ಒಂದಿಷ್ಟು ಮತ ಸುಮ್ಮನೆ ಬೀಳುತ್ತದೆಂಬ ನಂಬಿಕೆ ಎಲ್ಲರಿಗೂ ಇರುವುದರಿಂದ ಇದಕ್ಕೇ ಅರ್ಧ ದಿನ ಹೋಗುತ್ತದೆ. ಸ್ವಂತ ಹೆಸರಿನ ಅಕ್ಷರವೇ ಲೆಕ್ಕ, ಇನಿಷಿಯಲ್ ಲೆಕ್ಕಕ್ಕಿಲ್ಲ ಎಂದು ಬರೆದುಬಿಡಿ. ಕ್ರಮಸಂಖ್ಯೆ ಕೌಂಟರ್‌ಫಾಯಿಲಿನ ಮೇಲೆ, ಅಂದರೆ ಮತಪತ್ರ ಹರಿದುಕೊಟ್ಟ ಮೇಲೆ ಅಧಿಕಾರಿಯ ಬಳಿ ಉಳಿಯುವ ತುಂಡಿನ ಮೇಲೆ ಮಾತ್ರ ಇರಲಿ. ಮತಪತ್ರದ ಮೇಲೂ ಅದೇ ಸಂಖ್ಯೆ ಇದ್ದರೆ ಯಾರ ಮತ ಯಾರಿಗೆ ಎಂದು ಆಮೇಲೆ ತಾಳೆ ನೋಡಬಹುದು. ಖೋಟಾ ತಡೆಯಲು ಹಿಂಬದಿಯಲ್ಲಿ ಇಬ್ಬರು ಅಧಿಕಾರಿಗಳ ಸಹಿ ಸಾಕು.

ಎಣಿಕೆಗೆ ಮುಂಚೆ ಒಂದು ತಾಳೆ ಕಡ್ಡಾಯ. ಕೊಟ್ಟ ಮತಪತ್ರ 423, ಪೆಟ್ಟಿಗೆಯಲ್ಲಿ ಸಿಕ್ಕಿದ್ದು 421 ಎಂದಿಟ್ಟುಕೊಳ್ಳಿ. ಎರಡು ಯಾರದೋ ಜೇಬಿನಲ್ಲಿ ಮನೆಗೆ ಹೋಗಿವೆ, ಚಿಂತೆಯಿಲ್ಲ. ಪೆಟ್ಟಿಗೆಯಲ್ಲಿ 425 ಸಿಕ್ಕರೆ ಎಣಿಕೆ ನಿಲ್ಲಿಸಬೇಕು. ತಿರಸ್ಕೃತ ಮತ ಯಾವುದೆಂದು ಮಾದರಿ ಚಿತ್ರಗಳೊಡನೆ ಗೋಡೆಗೆ ಅಂಟಿಸಿದ್ದರೆ ಅಭ್ಯರ್ಥಿಗಳ ಏಜೆಂಟರ ಕೂಗಾಟ ಅರ್ಧ ಕಡಿಮೆಯಾಗುತ್ತದೆ. ಸಮ ಮತ ಬಂದರೆ ಚೀಟಿ ಎತ್ತುವುದೋ ಮರುಮತದಾನವೋ, ಅದನ್ನೂ ಬರೆದಿಡಿ.

421ರಲ್ಲಿ 9 ತಿರಸ್ಕೃತ, ಉಳಿದ 412 ಮತ ಮೂವರಿಗೆ 160, 140, 112 ಎಂದು ಹಂಚಿತೆನ್ನಿ. ಹೆಚ್ಚು ಮತ ಬಂದವರೇ ಗೆದ್ದರು ಎಂದರೆ 39 ಶೇಕಡಾ ಬೆಂಬಲದವರು ಅಧ್ಯಕ್ಷರು. ಸಾಮಾನ್ಯ ಸಂಘಕ್ಕೆ ಇದು ನಡೆಯುತ್ತದೆ. ಹಕ್ಕೊತ್ತಾಯದ ಸಂಘಕ್ಕೆ ತೊಡಕು, ಏಕೆಂದರೆ "ನಿಮ್ಮನ್ನು ಬೇಡವೆಂದವರೇ ಹೆಚ್ಚಲ್ಲ" ಎಂದು ಆಡಳಿತದವರು ಮೊದಲ ಸಭೆಯಲ್ಲೇ ಹೇಳುತ್ತಾರೆ. ಮತದಾರರು ಅಭ್ಯರ್ಥಿಗಳಿಗೆ 1, 2, 3 ಎಂದು ಕ್ರಮ ಕೊಡುವ ಪ್ರಾಶಸ್ತ್ಯದ ಮತ ಇಟ್ಟರೆ ಮೂರನೆಯವರು ಹೊರಬಿದ್ದು ಅವರ 112 ಪತ್ರಗಳ ಎರಡನೆಯ ಪ್ರಾಶಸ್ತ್ಯ ಎಣಿಕೆಗೆ ಬರುತ್ತದೆ. ಅದರಲ್ಲಿ 80 ಎರಡನೆಯವರಿಗೂ 32 ಮೊದಲನೆಯವರಿಗೂ ಹೋದರೆ 220ಕ್ಕೆ 192, ಫಲಿತಾಂಶವೇ ತಿರುಗಿತು. ಪದವೀಧರ ಕ್ಷೇತ್ರದ ವಿಧಾನ ಪರಿಷತ್ ಚುನಾವಣೆಯಲ್ಲಿ ಬಳಸುವ ಪದ್ಧತಿಯೇ ಇದು, ಹೊಸತೇನಲ್ಲ. ಎಣಿಸುವವರಿಗೆ ಹಿಂದಿನ ದಿನ ಐವತ್ತು ಸುಳ್ಳು ಮತಪತ್ರ ಕೊಟ್ಟು ಅಭ್ಯಾಸ ಮಾಡಿಸಬೇಕಷ್ಟೆ.

ಗೂಗಲ್ ಫಾರಂನಲ್ಲಿ ಮುಗಿಸಿಬಿಡೋಣ ಎನ್ನುವವರು ಪ್ರತಿ ವರ್ಷ ಹುಟ್ಟುತ್ತಾರೆ. ಒಬ್ಬರಿಗೆ ಎರಡು ಮೂರು ಜಿಮೇಲ್ ಖಾತೆ ಇರುವುದರಿಂದ ಒಂದೇ ಪ್ರತಿಕ್ರಿಯೆಯ ಮಿತಿ ಏನೂ ತಡೆಯುವುದಿಲ್ಲ. ಇಮೇಲ್ ಸಂಗ್ರಹಿಸಿದರೆ ಯಾರು ಯಾರಿಗೆ ಹಾಕಿದರೆಂದು ಫಾರಂ ಮಾಡಿದವರಿಗೆ ತಿಳಿಯುತ್ತದೆ. ಮತದಾನ ನಡೆಯುತ್ತಿರುವಾಗಲೇ ಯಾರು ಮುಂದಿದ್ದಾರೆಂಬುದೂ ಅವರಿಗೆ ಕಾಣುತ್ತದೆ. ಗೌಪ್ಯವೂ ಆಗಬೇಕು, ಒಬ್ಬರಿಗೆ ಒಂದೇ ಮತವೂ ಆಗಬೇಕು ಎಂದರೆ ರಟ್ಟಿನ ಪೆಟ್ಟಿಗೆಯೇ ಅಗ್ಗ.

ಚುನಾವಣೆ ಮುಗಿದ ಮೇಲಿನ ಆಡಳಿತದಲ್ಲಿ ಕೈಕೊಡುವುದು ಕೋರಂ, ಅಂದರೆ ಸಭೆ ನಡೆಸಲು ಇರಲೇಬೇಕಾದ ಕನಿಷ್ಠ ಹಾಜರಿ. ಅರುನೂರು ಸದಸ್ಯರಿದ್ದಲ್ಲಿ ಮೂರನೇ ಒಂದು ಭಾಗ ಎಂದರೆ ಇನ್ನೂರು ಜನ. ಇಂಟರ್ನಲ್ಸ್ ಹತ್ತಿರ ಬಂದಾಗ ಎಪ್ಪತ್ತು ಜನ ಬಂದರೆ ದೊಡ್ಡದು. ಕೋರಂ ಇಲ್ಲದಿದ್ದರೆ ಅರ್ಧ ಗಂಟೆ ಮುಂದೂಡಿ ಹಾಜರಿದ್ದವರಲ್ಲೇ ಸಭೆ ನಡೆಸುವ ರೂಢಿ ಸಂಘಗಳಲ್ಲಿದೆ. ವರದಿ, ಲೆಕ್ಕಪತ್ರ ಒಪ್ಪಲು ಅದು ಸರಿ. ಬೈಲಾ ತಿದ್ದುಪಡಿಗೂ ಅವಿಶ್ವಾಸ ನಿರ್ಣಯಕ್ಕೂ ಆ ದಾರಿ ಬಿಡಬಾರದು. ಇಲ್ಲವಾದರೆ ರಾತ್ರಿ ಎಂಟರ ಸಭೆಗೆ ಎಂಟೂವರೆಗೆ ಬಂದ ಮೂವತ್ತು ಗೆಳೆಯರು ಅಧ್ಯಕ್ಷರನ್ನು ಇಳಿಸಿಬಿಡಬಹುದು.

ಇನ್ನೊಂದು ನಿಯಮ ಹಕ್ಕೊತ್ತಾಯದ ಸಂಘಗಳಿಗೇ ಬೇಕಾದದ್ದು. ಆಡಳಿತದ ಜೊತೆ ಮಾತುಕತೆಗೆ ಯಾರೂ ಒಬ್ಬರೇ ಹೋಗುವಂತಿಲ್ಲ. ಕನಿಷ್ಠ ಇಬ್ಬರು, ಅವರಲ್ಲಿ ಒಬ್ಬರು ಬರೆದುಕೊಳ್ಳುವವರು. ಅದೇ ಸಂಜೆ "ಇಂದು ಒಪ್ಪಿಕೊಂಡ ಅಂಶಗಳು ಇವು" ಎಂದು ಕಚೇರಿಗೆ ಇಮೇಲ್ ಹೋಗಬೇಕು, ನಡಾವಳಿ ಪುಸ್ತಕದಲ್ಲಿ ಅದರ ಪ್ರತಿ ಅಂಟಿಸಬೇಕು. ಬಾಯಿಮಾತಿನಲ್ಲಿ ಒಪ್ಪಿದ ಶುಲ್ಕ ವಿನಾಯಿತಿ ಮುಂದಿನ ಜೂನಿನಲ್ಲಿ ಯಾರಿಗೂ ನೆನಪಿರುವುದಿಲ್ಲ. ಹೊರಗಿನ ಸಂಘಟನೆಯ ಸದಸ್ಯತ್ವ ಇದ್ದರೆ ನಾಮಪತ್ರದಲ್ಲೇ ಬರೆಯಿಸಿ. ನಿಷೇಧ ಹಾಕಿದರೆ ಮುಚ್ಚಿಡುತ್ತಾರೆ, ಅಷ್ಟೇ.

ನೋಂದಣಿ ಬೇಕೇ ಎಂಬ ಪ್ರಶ್ನೆ ಬ್ಯಾಂಕ್ ಖಾತೆ ತೆರೆಯಲು ಹೋದಾಗ ಬರುತ್ತದೆ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಪ್ರಕಾರ 18 ತುಂಬಿದ ಏಳು ಜನ ಸೇರಿದರೆ ಸಾಕು. ತೊಡಕಿರುವುದು ಆಮೇಲೆ. ವಾರ್ಷಿಕ ಸರ್ವಸದಸ್ಯರ ಸಭೆಯಾಗಿ 14 ದಿನದೊಳಗೆ ಹೊಸ ಆಡಳಿತ ಮಂಡಳಿಯ ಪಟ್ಟಿಯನ್ನೂ ಲೆಕ್ಕಪತ್ರವನ್ನೂ ಜಿಲ್ಲಾ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಒಂದು ವರ್ಷ ತಪ್ಪಿದರೆ ಕಡತದಲ್ಲಿ ಹಳೆಯ ಏಳು ಹೆಸರೇ ಉಳಿಯುತ್ತದೆ. ಆ ಏಳು ಜನ ಆಗಲೇ ಬೆಂಗಳೂರು, ಪುಣೆ, ದುಬೈ ಎಂದು ಚದುರಿರುತ್ತಾರೆ. ಮೂರು ವರ್ಷದ ಬಾಕಿ ಒಟ್ಟಿಗೆ ನವೀಕರಿಸಲು ಅವರ ಸಹಿ ಹುಡುಕುತ್ತಾ ಅಲೆಯುವ ಬದಲು ಹೊಸ ಹೆಸರಿನಲ್ಲಿ ಹೊಸ ಸಂಘ ಮಾಡಿದವರೇ ಹೆಚ್ಚು.

ಆದ್ದರಿಂದ ಹಸ್ತಾಂತರಕ್ಕೊಂದು ದಿನಾಂಕವನ್ನು ಬೈಲಾದಲ್ಲೇ ಕೂಡಿಸಿ: ಫಲಿತಾಂಶದಿಂದ ಏಳನೆಯ ದಿನ. ಹಳೆಯ, ಹೊಸ ಖಜಾಂಚಿಗಳಿಬ್ಬರೂ ಒಟ್ಟಿಗೆ ಬ್ಯಾಂಕಿಗೆ ಹೋಗಬೇಕು, ಸಹಿ ಬದಲಾವಣೆಯ ನಿರ್ಣಯದ ಪ್ರತಿ ಮತ್ತು ಗುರುತಿನ ದಾಖಲೆಗಳ ಜೊತೆ. ಚಂದಾ ಎತ್ತಲು ಅಂಟಿಸಿದ ಕ್ಯೂಆರ್ ಕೋಡು ಹಳೆಯ ಖಜಾಂಚಿಯ ಸ್ವಂತ ಖಾತೆಯದಾಗಿದ್ದರೆ ಅವತ್ತೇ ಹರಿದುಹಾಕಿ. ಆಮೇಲೆ ನಡಾವಳಿ ಪುಸ್ತಕ, ರಶೀದಿ ಪುಸ್ತಕದ ಬಳಸದ ಹಾಳೆಗಳ ಸಂಖ್ಯೆ, ಇಮೇಲಿನ ಪಾಸ್‌ವರ್ಡು ಮತ್ತು ಅದಕ್ಕೆ ಜೋಡಿಸಿದ ಫೋನ್ ನಂಬರು, ವಾಟ್ಸ್ಆ್ಯಪ್ ಗುಂಪಿನ ಅಡ್ಮಿನ್‌ಗಿರಿ, ಬೀರುವಿನ ಎರಡೂ ಕೀಲಿ. ರಬ್ಬರ್ ಸ್ಟಾಂಪನ್ನು ಮರೆಯಬೇಡಿ. ಅದು ಸಾಮಾನ್ಯವಾಗಿ ಹೋದ ವರ್ಷದ ಕಾರ್ಯದರ್ಶಿಯ ಬ್ಯಾಗಿನಲ್ಲೇ ಇರುತ್ತದೆ.